ಅನುಬಂಧ

ಲಕ್ಸೆಂಬರ್ಗಿನ ಆರನೆಯ ಮಹಡಿ. ಮಂಜಿಗೆ ಕಿಟಕಿ ಕುರುಡು.
ಸನೀತಾ ವೀಟೊಲಿನ್ಯಾ ಕಾನೂನನ್ನು ಲಾಟ್ವಿಯನ್ನಿಗೆ ತರುತ್ತಾಳೆ,
ದಿನಕ್ಕೆ ಎಂಟು ಪುಟ, ಉಪ್ಪು ಖಾರ ಇಲ್ಲದ್ದು.

ಬೆಳಗು ಹೊಗೆಯ ಪಾಲಾಯಿತು:
ಕಿಲೋಮೀಟರಿಗೆ ಇಷ್ಟು ಮಿಲಿಗ್ರಾಂ ಮಸಿ,
ಅದಕ್ಕಿಂತ ಎಳ್ಳಷ್ಟೂ ಹೆಚ್ಚು ಬಿಡತಕ್ಕದ್ದಲ್ಲ.
ಎಳ್ಳು ನನ್ನದು. ಕಾನೂನಿಗೆ ಎಳ್ಳು ಗೊತ್ತಿಲ್ಲ,
ದಶಾಂಶ ಗೊತ್ತು.

ಮಧ್ಯಾಹ್ನ ಅನುಬಂಧ.
ಗಂಟೆಗೆ ಮೂವತ್ತೈದು ಕಿಲೋಮೀಟರ್ ವೇಗದಲ್ಲಿ
ಕಾರಿನ ಬಾನೆಟ್ಟಿಗೆ ಬಡಿಯತಕ್ಕದ್ದು
ಮಗುವಿನ ತಲೆಯ ಅಚ್ಚು.
ತೂಕ ಮೂರೂವರೆ ಕಿಲೋ.
ಮೇಲೆ ರಬ್ಬರಿನ ಚರ್ಮ, ಒಳಗೆ ಅಲ್ಯೂಮಿನಿಯಂ,
ನಡುವೆ ಪೆಟ್ಟು ಅಳೆಯುವ ಒಂದು ಮಾಪಕ.
ಕಣ್ಣು, ಕಿವಿ, ಬಾಯಿಯ ಉಲ್ಲೇಖವಿಲ್ಲ.

ಅವಳ ಭಾಷೆಯಲ್ಲೂ ಷಷ್ಠಿ ಉಂಟು.
'ಮಗುವಿನ' ಎಂದು ಬರೆದು ನಿಂತಳು.
ಯಾವ ಮಗುವಿನ?
ಇಂಥ ಸಂದೇಹಕ್ಕೆಂದೇ ಅಂಚಿನಲ್ಲಿ ಜಾಗ ಬಿಟ್ಟಿರುತ್ತಾರೆ;
ಅವಳು ಬಳಸಲಿಲ್ಲ.

ಲಿಯೆಪಾಯಾ, ಎಂಬತ್ತೇಳರ ಡಿಸೆಂಬರು.
ಕಿತ್ತಳೆ ಬಂದಿದೆಯೆಂದು ಸಾಲು ಮೂಲೆಯವರೆಗೆ.
ತಮ್ಮ ಗುಂತಿಸ್, ಆರು ವರ್ಷ, ಕಿವಿ ಮುಚ್ಚುವ ಉಣ್ಣೆ ಟೊಪ್ಪಿಗೆ,
ಐದು ಕೊಪೆಕ್ ಉರುಳಿತೆಂದು ಅದರ ಹಿಂದೆಯೇ ಓಡಿದ.
ಗೋಧಿ ಬಣ್ಣದ ಝಿಗುಲಿ.
ಓಡಿಸುತ್ತಿದ್ದವ ಕುಡಿದಿರಲಿಲ್ಲ, ಜೋರಾಗಿಯೂ ಬಂದಿರಲಿಲ್ಲ,
ಸಾಲಿಗೆ ಸಾಲೇ ಸಾಕ್ಷಿ ಹೇಳಿತು
ಸಾಲು ಬಿಡದೆ.
ಬಾನೆಟ್ಟಿನಡಿ ಎಂಜಿನ್ನು ಬೆರಳಳತೆಯಲ್ಲಿತ್ತು,
ತಗಡಿಗೆ ತಗ್ಗಲು ಎಡೆಯೇ ಇರಲಿಲ್ಲ.
ಅದು ಆಗ ಯಾರಿಗೂ ತಪ್ಪು ಅನ್ನಿಸಲಿಲ್ಲ.
ವಿಧಿ, ಎಂದರು.

ಈಗ ಮೇಜಿನ ಮೇಲಿರುವುದೂ ವಿಧಿಯೇ.
ಉಪವಿಧಿ ಮೂರು, ಎರಡನೆಯ ತಿದ್ದುಪಡಿ.
ಆ ಒಂದು ಬೆರಳು ಎಡೆಗೆ
ಎಷ್ಟು ಸಭೆ, ಎಷ್ಟು ಕಾಫಿ,
ಬೆರಳೊಂದಕ್ಕೆ ಎಷ್ಟು ಕೋಟಿಯಾದೀತೆಂದು
ಕಂಪನಿಗಳವರು ಕಳಿಸಿದ ಲೆಕ್ಕ ಎಷ್ಟು!
ಅವರ ಮೇಲೆ ಅವಳಿಗೆ ಸಿಟ್ಟಿಲ್ಲ.
ಲೆಕ್ಕ ಹಾಕಲಾದರೂ ಯಾರೋ ಕೂತರಲ್ಲ.

ಸಂಜೆ ಕಡತ ಕಳಿಸಿ, ಅಂಗಡಿಗೆ.
ತಕ್ಕಡಿಯ ಮೇಲೊಂದು ಕುಂಬಳಕಾಯಿ: ಮೂರು ಕಿಲೋ ನೂರು.
ಒಂದು ಸೇಬು. ಇನ್ನೊಂದು.
ದೊಡ್ಡದನ್ನು ತೆಗೆದು ಚಿಕ್ಕದಿಟ್ಟಳು, ಮತ್ತೆ ದೊಡ್ಡದು.
ಹಿಂದಿದ್ದ ಪೋರ್ಚುಗೀಸ್ ಮುದುಕಿ ಕೆಮ್ಮಿದಳು.
ಮೂರೂವರೆ.
ಚೀಲದ ಹಿಡಿ ಬೆರಳಿಗೆ ಬರೆ ಎಳೆಯುವಷ್ಟು ಭಾರ,
ಇಷ್ಟೇನಾ ಅನ್ನುವಷ್ಟು ಹಗುರ.

ಹೊರಗೆ ಪಟ್ಟೆದಾರಿಯಲ್ಲಿ ಕಾರೊಂದು ತಾನಾಗಿ ನಿಂತಿತು,
ಒಳಗಿದ್ದವ ಫೋನು ನೋಡುತ್ತಿದ್ದ.
ಅವಳು ದಾಟಿದಳು.

ಟ್ರಾಮಿನಲ್ಲಿ ಚೀಲ ತೊಡೆಯ ಮೇಲೆ.
ಟ್ರಾಮಿಗೆ ಸೀಟ್ ಬೆಲ್ಟಿಲ್ಲ;
ಇರತಕ್ಕದ್ದೆಂದು ಯಾರೂ ಇನ್ನೂ ಬರೆದಿಲ್ಲ.
ತಿರುವು ಬಂದಾಗ
ಎರಡೂ ಕೈ ಅಡ್ಡ ಹಿಡಿದಳು.