ಹಸಿರು ನೈಟಿ

ಆ ಹಸಿರು ನೈಟಿ ನಂದು.
ಮೋತಿ ಸರ್ಕಲ್ ಫುಟ್‌ಪಾತಿನಾಗ ನೂರೈವತ್ತಕ್ಕ ತಂದದ್ದು,
ಎಡಗಂಕುಳ ಹರಿದಾಗ ನಾನೇ ಹೊಲಿದದ್ದು.
ಈಗ ಆ ಹೊಲಿಗಿ ಹನ್ನೊಂದು ಲಕ್ಷ ಮಂದಿ ನೋಡ್ಯಾರ.

ಎರ್ರಿಸ್ವಾಮಿ ಹಗಲೆಲ್ಲ ಕೌಲ್ ಬಜಾರಿನ ಶೆಡ್ಡಿನಾಗ
ಜೀನ್ಸಿಗೆ ಜಿಪ್ ಹಚ್ಚತಾನ.
ಬೆರಳಸಂದ್ಯಾಗ ನೀಲಿ, ಕಿವ್ಯಾಗ ಮಷೀನು.
ಸಂಜಿಗೆ ತಲಿಗೆ ಟವೆಲ್ ಸುತ್ತಿ, ಜಡಿ ಇಳಿಬಿಟ್ಟು
ಮಾಳಗಿ ಮ್ಯಾಲೆ ಸುಂಕ್ಲಕ್ಕ ಆಗ್ತಾನ.
ಸೊಂಟಕ್ಕ ಕೈ, ಕೈಯಾಗ ಲಟ್ಟಣಿಗಿ:
"ಏನಪಾ ಗಂಡಸ, ಉಂಡ ತಾಟಿಗೆ ಕಾಲು ಬಂದು
ತಾನೇ ಬಚ್ಚಲಕ್ಕ ಹೋಗತೈತೇನು?"

ಅದು ನನ್ನ ಮಾತು.
ಹೋದ ಉಗಾದಿ ಮರುದಿನ ಅಂದದ್ದು.
ಆಗ ಬಾಯಿ ಜೋರಾತು ಅಂದ್ರು,
ಅತ್ತಿ ಮೂರು ದಿನ ಮಾತು ಬಿಟ್ಟಿದ್ಲು.
ಈಗ ಅದೇ ಅತ್ತಿ ಮೊಬೈಲು ಮೂಗಿಗೆ ಹಿಡಕೊಂಡು
"ಈ ಸುಂಕ್ಲಿ ಬಾಳ ಶಾಣ್ಯಾಕಿ ನೋಡು" ಅಂತಾಳ.

ಕಿರಾಣಿ ಅಂಗಡ್ಯಾಗ ಸೆಲ್ಫಿ.
ಸಿರುಗುಪ್ಪದ ಸೀರಿ ಅಂಗಡಿಯವರ ಫೋನು:
ಅಕ್ಕಾ, ಓಪನಿಂಗಿಗೆ ಬರ್ತೀರಾ?
ಎರ್ರಿಸ್ವಾಮಿಗೆ ಯಾರೂ ಬರ್ರಿ ಅಂದಿದ್ದಿಲ್ಲ, ಎಲ್ಲಿಗೂ.

ಹೊಲಸು ಬರದು ಕಳಸವರೂ ಅದಾರ.
ಓದಿ ಫೋನು ಬೋರಲು ಇಡತಾನ.
ಒಂದು ರಾತ್ರಿ ಲೈಟು ಆರಿಸಿದ ಮ್ಯಾಲೆ ಕೇಳಿದ:
"ಹಂಪಮ್ಮಾ, ಬೀದ್ಯಾಗ ನಿನಗೂ ಹಿಂಗ ಅಂತಾರೇನು?"
ಹನ್ನೆರಡು ವರ್ಷದಾಗ ಮೊದಲ ಸಲ.
ನಿದ್ದಿ ಬಂದಾಕಿಹಂಗ ಮಲಗಿದೆ.

ನಿನ್ನೆ ವಿಡಿಯೊ ಮುಗಿಸಿ, ನೈಟಿ ಬಿಚ್ಚಿ,
ಲುಂಗಿ ಸುತ್ತಿ ಉಣ್ಣಾಕ ಕುಂತ.
ಬೊಟ್ಟು ತಗಿಯೂದು ಮರ್ತಿದ್ದ.
ಉಂಡು ಎದ್ದಾವ ತಾಟು ತಗೊಂಡು ಬಚ್ಚಲಕ್ಕ ಹೋದ.
ತಿಕ್ಕೂ ಸಪ್ಪಳ ಕೇಳಿಸ್ತು.
ಬೊಟ್ಟಿನ ಸುದ್ದಿ ನಾ ತಗೀಲಿಲ್ಲ.