ಹಲ್ಲಿಗೆ ತಾಗಿಸಿ

ಗುಜರಿ ಅಂಗಡಿಯ ಮುಖ್ತಿಯಾರನಿಗೆ ಈಗ ಗೊತ್ತು.
ತೂಕಕ್ಕೆ ಹಾಕುವ ಮುನ್ನ ಫೋನು ಮಾಡುತ್ತಾನೆ:
"ಮೇಡಂ, ಬಾಳೆಹೊನ್ನೂರ ಕಡೆ ಒಂದು ಬಂಗಲೆ ಖಾಲಿಯಾಯ್ತು,
ಬಿಸ್ಕತ್ತಿನ ಡಬ್ಬಿ ಬಂದಿದೆ, ಒಳಗೇನೋ ಗಲಗಲ ಅನ್ನುತ್ತೆ."

ದುರ್ಗಿಗುಡಿಯಿಂದ ಗಾಂಧಿಬಜಾರಿಗೆ ಬಿಳಿ ಕೋಟಿನಲ್ಲೇ ಹೋದೆ.
ಗುಂಡಿ, ಬೀಗದ ಕೈ, ತುಕ್ಕು ಹಿಡಿದ ಮೀನಿನ ಗಾಳ,
ತಳದಲ್ಲಿ
ಹಳೇ ರೂಪಾಯಿಯಗಲ ಒಂದು ಬ್ರೋಚು.
ಮೂರು ಗುಲಾಬಿ, ಹೆಸರು ಗೊತ್ತಿಲ್ಲದ ಒಂದು ನೀಲಿ ಹೂ,
ಉಗುರಿಗಿಂತ ತೆಳುವಾದ ಎಸಳು, ಒಂದು ಮುಕ್ಕಾಗಿದೆ.
ಬೆನ್ನಿಗೆ ಹಿತ್ತಾಳೆ ಪಿನ್ನು,
'ಇಂಗ್ಲೆಂಡ್' ಎಂದು ಇರುವೆ ಸಾಲಿನಂಥ ಅಕ್ಷರ.

ಹಲ್ಲಿಗೆ ತಾಗಿಸಿ ನೋಡಿದೆ. ಮುಖ್ತಿಯಾರ ನಕ್ಕ.
ಪ್ಲಾಸ್ಟಿಕ್ಕಾದರೆ ಮಂಕು ಸದ್ದು. ಇದು ಟಿಣ್ ಎಂದಿತು,
ಪುಷ್ಯಮಾಸದ ನಲ್ಲಿ ನೀರಿನಷ್ಟು ತಣ್ಣಗೆ.

ನಾನು ಹಲ್ಲು ಮಾಡುವವಳು.
ಪುಡಿಗೆ ನೀರು ಬೆರೆಸಿ, ಕುಂಚದ ತುದಿಯಲ್ಲಿ ಏರಿಸಿ,
ಒಂಬೈನೂರು ಡಿಗ್ರಿಯಲ್ಲಿ ಬೇಯಿಸಿ
ಯಾರದೋ ನಗೆಗೆ ಕಳಿಸುವವಳು.
ಹಾಗಾಗಿ ಕಾಣುತ್ತದೆ: ಈ ಎಸಳನ್ನೊತ್ತಿದವಳು ಅವಸರದಲ್ಲಿದ್ದಳು.
ಎರಡನೇ ಗುಲಾಬಿಯೊಳಗೆ ಅವಳ ಬೆರಳಗೆರೆ
ಹಾಗೇ ಬೆಂದು ಉಳಿದಿದೆ.
ದಿನಕ್ಕೆಷ್ಟು ಹೂವೋ, ಹೂವಿಗೆಷ್ಟು ಕಾಸೋ.

ಇದು ಹದಿನೆಂಟನೆಯದು. ಮಿಕ್ಕವು ಹತ್ತಿಯ ಮೇಲೆ
ದವಡೆ ಅಚ್ಚುಗಳ ಪಕ್ಕದ ಪೆಟ್ಟಿಗೆಯಲ್ಲಿ ಮಲಗಿವೆ;
ನೀಲಿ ನೆಲದ ಮೇಲೆ ವೀಣೆಯಂಥದೇನೋ ಹಿಡಿದ ಬಿಳಿ ಹೆಂಗಸು,
ನೀರಿಗೆ ಬಿದ್ದ ಎಣ್ಣೆಯ ಬಣ್ಣದ ಉರುಟು ಬಿಲ್ಲೆ.
ಯಾವುದನ್ನೂ ತೊಟ್ಟಿಲ್ಲ. ಸೀರೆಗೆ ಭಾರ,
ಕೇಳುವವರಿಗೆ ಉತ್ತರ ಹೇಳುವುದು ಇನ್ನೂ ಭಾರ.

ಶುಕ್ರವಾರ ಹದಿನೆಂಟನೆಯದು ಕಾಣಲಿಲ್ಲ.
ಹತ್ತಿ ಕೊಡವಿದೆ, ಕಸದ ಮೊರ ಜಾಲಾಡಿದೆ.
ಸಿಕ್ಕಿದ್ದು ದೇವರ ಗೂಡಿನಲ್ಲಿ,
ಲಕ್ಷ್ಮಿ ಪಟದ ಮೊಳೆಗೆ.

"ಬಾಡೋದೇ ಇಲ್ಲ ನೋಡೇ," ಅಂದರು ಅತ್ತೆ ಭಾಗೀರತಮ್ಮ,
"ಮಾರಿಗೆ ಎಂಬತ್ತು ಕೇಳ್ತಾಳೆ ಆ ಹೂವಿನವಳು."

ನಾಲಿಗೆ ತುದಿಗೆ ಬಂದಿತ್ತು: ಅತ್ತೆ,
ಅದರಲ್ಲಿ ಅರ್ಧಕ್ಕರ್ಧ ದನದ ಎಲುಬಿನ ಬೂದಿ.
ಅದಕ್ಕೇ ಆ ಬಿಳುಪು, ಬೆಳಕಿಗೆ ಹಿಡಿದರೆ
ಗಿಣ್ಣಿನ ಹಾಲಿನಂಥ ಆ ಹೊಳಪು.

ಅವರು ಆಗಲೇ ಕಣ್ಣು ಮುಚ್ಚಿದ್ದರು.
ಅಷ್ಟೋತ್ತರದ ಒಂದೊಂದು 'ನಮಃ'ವೂ
ನಾನೇ ಬೇಯಿಸಿಕೊಟ್ಟ ಮುಂದಿನ ನಾಲ್ಕು ಹಲ್ಲಿಗೆ
ತಾಗಿ, ತಾಗಿ, ಹೊರಗೆ ಬರುತ್ತಿತ್ತು.

ಪಿನ್ನಿನ ಕೊಕ್ಕೆ ಸಡಿಲವಾಗಿತ್ತು.
ಬಿದ್ದುಹೋದೀತೆಂದು
ಸರಿಯಾಗಿ ಸಿಕ್ಕಿಸಿ ಬಂದೆ.