ಲೆಕ್ಕಕ್ಕುಂಟು, ಆಟಕ್ಕಿಲ್ಲ

ಮ್ವಾಂಜಾದ ಈ ದಂಡೆಗೆ ಇದು ಮೂರನೆಯ ಸಲ.
ಕಂಕುಳಲ್ಲಿ ಅದೇ ಟ್ಯಾಬ್ಲೆಟ್ಟು, ಅವೇ ನಲವತ್ತೆರಡು ಪ್ರಶ್ನೆ.
ಹಳೆಯ ಬಲೆಯ ಮೇಲೆ ಒಣಗಲು ಹರವಿದ ದಗಾ ಮೀನು
ಕಿರುಬೆರಳಷ್ಟೂ ಇಲ್ಲ, ಕಣ್ಣು ಮಾತ್ರ ಬಿಟ್ಟೇ ಇವೆ.
ನಡುವೆ ಬಕೆಟ್ಟು ಬೋರಲು ಹಾಕಿ ಕೂತಿದ್ದಾಳೆ ಕಬುಲಾ.

‘ಬಂದೆಯಾ’ ಅನ್ನುತ್ತಾಳೆ,
ಕಾಗೆಗೆ ಅನ್ನುವ ಹಾಗೆ.

ಎರಡು ವರ್ಷದ ಹಿಂದೆ ವಾರ್ಡಿನ ಕಚೇರಿಯಲ್ಲಿ
ಕೆಂಪು ಬೇಸಿನ್ನಿನೊಳಗೆ ಚೀಟಿ ಕಲಸಿದ ಕೈ ನನ್ನದೇ.
ಹಸಿರು ಬಂದವರಿಗೆ ಹತ್ತು ದಿನ ತರಬೇತಿ:
ಬಂಡವಾಳವೆಂದರೇನು, ಗಿರಾಕಿಯೆಂದರೆ ಯಾರು,
ಮಧ್ಯಾಹ್ನ ಅನ್ನ, ಬೀನ್ಸಿನ ಸಾರು, ಒಂದು ಸೋಡಾ,
ಕೊನೆಗೆ ಗಾಜು ಹಾಕಿಸಿದ ಪ್ರಮಾಣಪತ್ರ.
ಬಿಳಿ ಬಂದವರಿಗೆ ನಾನು,
ಆರು ತಿಂಗಳಿಗೊಮ್ಮೆ, ಒಂದು ಸೋಪಿನೊಂದಿಗೆ.

ಕಬುಲಾಳದು ಬಿಳಿ.
ಹೋಲಿಕೆಯ ಗುಂಪು ಅನ್ನುತ್ತೇವೆ ಕಾಗದದಲ್ಲಿ.
ಅಳುವ ಚಿಕ್ಕ ಮಕ್ಕಳನ್ನು ಸೇರಿಸಿಕೊಂಡು
ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ,
ಇವಳದು ಅದೇ ಮಾತು, ಒಳಮಗ್ಗುಲು ಹೊರಗೆ ಮಾಡಿದ್ದು.

ಬೆಳಿಗ್ಗೆ ಲಿಯೊಕಾಡಿಯಾಳನ್ನು ಕಂಡು ಬಂದೆ, ಹಸಿರಿನವಳು.
ಪ್ರಮಾಣಪತ್ರ ಗೋಡೆಯ ಮೇಲಿತ್ತು, ಅಂಗಡಿ ಇರಲಿಲ್ಲ.
‘ಅವರು ಹೇಳಿದಂತೆ ಕೂಡಿದೆ, ಕಳೆದೆ.
ಒಂಬತ್ತು ವರ್ಷ ನಷ್ಟಕ್ಕೇ ಮಾರಿದ್ದೆ ಅಂತ ಗೊತ್ತಾಯ್ತು.
ಮುಚ್ಚಿದೆ. ಈಗ ಶಾಲೆಯಲ್ಲಿ ಅಡುಗೆ, ತಿಂಗಳಿಗೆ ಸಂಬಳ.
ಬಹಳ ಒಳ್ಳೆಯ ತರಬೇತಿ ಕಣಪ್ಪ, ಬರೆದುಕೋ.’
ಬರೆದುಕೊಳ್ಳಲು ಇದ್ದದ್ದು ಒಂದೇ ಚೌಕ:
ವ್ಯಾಪಾರ ಮುಂದುವರಿದಿದೆಯೇ? ಇಲ್ಲ.

ಇನ್ನು ಇಲ್ಲಿ, ಹದಿನೇಳನೆಯ ಪ್ರಶ್ನೆ.
ಕಳೆದ ತಿಂಗಳು ಸಾಗಾಟಕ್ಕೆಷ್ಟು ಖರ್ಚಾಯಿತು?
ಮೊದಲ ಸಲ ಕೇಳಿದಾಗ ನಕ್ಕಿದ್ದಳು.
ಎರಡನೆಯ ಸಲ ಬೆರಳು ಮಡಿಸಿ, ನಡುವೆ ತಪ್ಪಿ, ಮತ್ತೆ ಮಡಿಸಿದ್ದಳು.
ಈಗ ಬಕೆಟ್ಟಿನ ಅಡಿಗೆ ಕೈ ಹಾಕಿ
ಮಗನ ಹಳೆಯ ನೋಟುಬುಕ್ಕು ತೆಗೆದಳು,
ಅರ್ಧ ಭೂಗೋಳ, ಉಳಿದರ್ಧ ಮೀನು.
ಗೆರೆ ಎಳೆದ ಸಾಲುಗಳನ್ನು ಕಂಡ ಕೂಡಲೇ ಗುರುತು ಹತ್ತಿತು:
ಸಾಗಾಟ, ಉಪ್ಪು, ಬಾಡಿಗೆ, ಮನೆಗೆ ಒಯ್ದದ್ದು, ಕೊಳೆತದ್ದು,
ನನ್ನ ಪ್ರಶ್ನೆಗಳೇ, ನನ್ನ ಕ್ರಮದಲ್ಲೇ.

‘ನೀನು ಆರು ತಿಂಗಳಿಗೊಮ್ಮೆ ಕೇಳುತ್ತೀಯ,
ನಾನು ಶನಿವಾರ ಶನಿವಾರ ಕೇಳಿಕೊಳ್ಳುತ್ತೇನೆ.’

ಕೊನೆಗೊಂದು ಸಾಲು ನನ್ನದಲ್ಲ.
ಯಾರಿಗೆ ಕೊಟ್ಟ ಸಾಲ ವಾಪಸು ಕೇಳಬಾರದು?
ಕೆಳಗೆ ಮೂರು ಹೆಸರು, ಒಂದರ ಮೇಲೆ ಎಣ್ಣೆಯ ಕಲೆ.

ದಾರ್ ಎಸ್ ಸಲಾಮಿನಲ್ಲಿ ರ್ವೆಗಸೀರಾ ಸಾಹೇಬರು
ಹಸಿರಿನಿಂದ ಬಿಳಿಯನ್ನು ಕಳೆಯುತ್ತಾರೆ,
ಉಳಿದದ್ದು ಇಷ್ಟೇ ಇಷ್ಟು ಎಂದು ಕನ್ನಡಕ ತೆಗೆದಿಡುತ್ತಾರೆ.
ತರಬೇತಿಯಿಂದ ಪ್ರಯೋಜನ ಕಾಣಲಿಲ್ಲ ಅನ್ನುತ್ತದೆ ವರದಿ.
ಬಿಳಿಗೆ ಪಾಠ ಹೇಳಿದವನು ಇಲ್ಲೇ
ಉಪ್ಪುಗಾಳಿಯಿಲ್ಲದ ಈ ಸಿಹಿನೀರಿನ ದಡದಲ್ಲಿ
ಗಂಟಲೊಣಗಿ ಕೂತಿದ್ದಾನೆ,
ಅವನಿಗೆ ಅಲ್ಲಿ ಕಾಲಮಿಲ್ಲ.

ಪರದೆ ಕೇಳುತ್ತಿದೆ:
ಈ ಅವಧಿಯಲ್ಲಿ ಯಾವುದಾದರೂ ತರಬೇತಿ ಪಡೆದಿದ್ದೀರಾ?
ಹೌದು. ಇಲ್ಲ.
ನನ್ನ ಬೆರಳು ಎರಡರ ನಡುವೆ
ನೊಣದಂತೆ ಸುತ್ತುತ್ತಿದೆ.

ಅವಳು ಅಷ್ಟರಲ್ಲಿ ಪೆನ್ನಿನ ಮುಚ್ಚಳ ಕಚ್ಚಿ ತೆಗೆದು
‘ಒಂದು ಗಂಟೆ ಹೋಯಿತು ನಿನ್ನಿಂದ,
ಎರಡು ಡಬ್ಬ ಮೀನು ಮಾರುತ್ತಿದ್ದೆ.
ಯಾವ ಸಾಲಿನಲ್ಲಿ ಬರೆಯಲಿ,’ ಅನ್ನುತ್ತಾಳೆ,
‘ಬಾಡಿಗೆಯಲ್ಲೋ,
ಕೊಳೆತದ್ದರಲ್ಲೋ?’